ಗಾಳಕ್ಕೊಂದು ಕೆರೆ

ನಾವು ಅಹಮದಾಬಾದಿಗೆ ಬಂದು ಏಳು ವರ್ಷವಾಯಿತು. ಈ ಏಳು ವರ್ಷದಲ್ಲಿ ಇಲ್ಲಿ ಏನೇನೋ ಹುಡುಕಿದ್ದೇವೆ. ಕುಚ್ಚಲಕ್ಕಿ ಹುಡುಕಿದ್ದೇವೆ, ಹಬ್ಬಕ್ಕೆ ಬಾಳೆಲೆ ಹುಡುಕಿದ್ದೇವೆ, ಮಗಳಿಗೆ ಕನ್ನಡ ಅಕ್ಷರ ತಿದ್ದಿಸುವವರನ್ನು ಹುಡುಕಿದ್ದೇವೆ. ಹೆಚ್ಚುಕಡಿಮೆ ಎಲ್ಲವೂ ಸಿಕ್ಕಿವೆ. ಕಳೆದ ದೀಪಾವಳಿ ರಜೆಯಲ್ಲಿ ಹುಡುಕಲು ಹೊರಟದ್ದು ಮಾತ್ರ ಯಾರಲ್ಲಿ ಕೇಳಬೇಕೆಂದೇ ತಿಳಿಯದಂಥದ್ದು: ಒಂಬತ್ತು ವರ್ಷದ ಹುಡುಗಿ ಅಜ್ಜನ ಪಕ್ಕ ಕೂತು ಗಾಳ ಹಾಕಬಹುದಾದ ಒಂದು ಕೆರೆ.

ಗುಜರಾತಿನಲ್ಲಿರುವ ನಮ್ಮವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ದುಬೈಯಲ್ಲೋ ಪುಣೆಯಲ್ಲೋ ಕೂತು ಓದುವವರಿಗಾಗಿ ಎರಡು ಮಾತು. ದೇಶದ ಅತಿ ಉದ್ದದ ಕಡಲತೀರ ಈ ರಾಜ್ಯದ್ದು. ವೇರಾವಳ, ಪೋರಬಂದರಿನ ಕಡೆ ಸಾವಿರಾರು ದೋಣಿಗಳಿವೆ. ಅಲ್ಲಿ ಹಿಡಿದ ಮೀನು ಐಸಿನಲ್ಲಿ ಕೂತು ಹೊರರಾಜ್ಯಕ್ಕೆ, ಹೊರದೇಶಕ್ಕೆ ಹೋಗುತ್ತದೆ. ಅಹಮದಾಬಾದಿನಲ್ಲಿ ಮೀನೇ ಸಿಗುವುದಿಲ್ಲ ಎಂದಲ್ಲ. ಅದಕ್ಕೆ ಅದರದೇ ಬೀದಿಗಳಿವೆ, ಅದರದೇ ಹೋಟೆಲುಗಳಿವೆ. ನಾವಿರುವ ಬಡಾವಣೆಯಲ್ಲಿ ಬಾಡಿಗೆ ಕರಾರು ಬರೆಯುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ, ನಾವು "ಮನೆಯಲ್ಲಿ ಮಾಡುವುದಿಲ್ಲ" ಎನ್ನುತ್ತೇವೆ. ಆ ಮಾತನ್ನು ಉಳಿಸಿಕೊಂಡಿದ್ದೇವೆ. ನೆರೆಹೊರೆ ಒಳ್ಳೆಯದು. ಎದುರು ಮನೆಯ ಜೈನ ಅಜ್ಜಿಯನ್ನು, ನಾವೆಲ್ಲ 'ಬಾ' ಎಂದು ಕರೆಯುವವರನ್ನು, ಮಗಳಿಗೆ ಜ್ವರ ಬಂದ ರಾತ್ರಿಗಳಲ್ಲಿ ನಾನು ಎಷ್ಟು ಸಲ ಎಬ್ಬಿಸಿದ್ದೇನೋ ಲೆಕ್ಕವಿಲ್ಲ.

ಇಂಥ ಮನೆಗೆ ಅಪ್ಪಯ್ಯ ಬಂದರು. ಅವರಿಗೆ 74 ವರ್ಷ. ತೀರ್ಥಹಳ್ಳಿ ಕಡೆಯ ಹಳ್ಳಿ. ಅಡಿಕೆ ತೋಟ, ತೋಟದ ಬುಡದಲ್ಲಿ ಹಳ್ಳ, ಹಳ್ಳದಾಚೆ ಗದ್ದೆ. ಅಮ್ಮ ಹೋದ ಮೇಲೆ ಊರು ಬಿಟ್ಟು ಬಂದದ್ದು ಇದೇ ಮೊದಲು. ಬ್ಯಾಗಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಒಣಗಿಸಿದ ವಾಟೆಹುಳಿ, ಅವುಗಳ ಅಡಿಯಲ್ಲಿ ಒಂದು ಹಳೆಯ ಊದುಬತ್ತಿ ಡಬ್ಬಿ. ಡಬ್ಬಿ ತೆರೆದರೆ ಒಂದು ಉಂಡೆ ತಂಗೂಸಿ ದಾರ, ನಾಲ್ಕು ಸೀಸದ ಗುಂಡು, ಬೆಂಡಿನ ತುಂಡಿಗೆ ಚುಚ್ಚಿಟ್ಟ ಐದು ಗಾಳ. "ಪುಟ್ಟಿಗೆ ಕಲಿಸ್ತೀನಿ ಅಂತ ಫೋನಲ್ಲಿ ಹೇಳಿದ್ದೆ ಕಣೆ," ಎಂದರು, ನಾನು ಏನೂ ಕೇಳುವ ಮೊದಲೇ.

ನಾನು ಅಪ್ಪಯ್ಯನ ಮಗಳಾಗಿ ಎಂದೂ ಗಾಳ ಹಿಡಿದವಳಲ್ಲ. ಮಲೆನಾಡಿನವರಿಗೆ ಗೊತ್ತು, ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯ ಮೀನು ಮೊಟ್ಟೆಯಿಡಲು ಹಳ್ಳ ಹತ್ತಿ, ಗದ್ದೆಯ ತೋಡಿಗೂ ಬರುತ್ತದೆ. ಹತ್ತುಮೀನು ಎನ್ನುತ್ತೇವೆ. ಆ ರಾತ್ರಿ ಅಣ್ಣಂದಿರಿಬ್ಬರೂ ಅಪ್ಪಯ್ಯನ ಹಿಂದೆ ಲಾಟೀನು, ಕೂಣಿ, ಕತ್ತಿ ಹಿಡಿದು ಹೋಗುವರು. ಬೇಸಿಗೆಯಲ್ಲಿ ಹೊಳೆಗುಂಡಿಗೆ ಗಾಳ ಹಾಕಲು ಹೋಗುವವರೂ ಅವರೇ. ನನ್ನ ಕೆಲಸ ಗೊಬ್ಬರಗುಂಡಿಯ ಬದಿ ಕೆದರಿ ಎರೆಹುಳ ಹೆಕ್ಕಿ ಡಬ್ಬಿಗೆ ತುಂಬುವುದು. ಅವರು ಬಂದ ಮೇಲೆ ಬೂದಿ ಮುಟ್ಟಿಸಿ ಮೀನು ಉಜ್ಜುವುದು. ಹಿಡಿಯುವುದು ಗಂಡುಮಕ್ಕಳದ್ದು, ಕೊಯ್ಯುವುದು ಹೆಣ್ಣುಮಕ್ಕಳದ್ದು ಎಂದು ಯಾರೂ ಕಟ್ಟಳೆ ಬರೆದಿರಲಿಲ್ಲ, ಆದರೂ ಹಾಗೇ ನಡೆಯುತ್ತಿತ್ತು. ಈಗ ಅದೇ ಅಪ್ಪಯ್ಯ ಮೊಮ್ಮಗಳಿಗಾಗಿ ಎರಡು ದಿನದ ರೈಲಿನಲ್ಲಿ ಗಾಳ ಹೊತ್ತು ತಂದಿದ್ದಾರೆ. ಮಗಳಿಗೆ ಯಾಕೆ ಕಲಿಸಲಿಲ್ಲ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ಇನ್ನೊಂದು ಸಂಗತಿಯೂ ಇತ್ತು. ರಜೆಗೆ ಮೊದಲು ಶಾಲೆಯಲ್ಲಿ 'ಮಾರಾ ದಾದಾ' ಎಂದು ಅಜ್ಜನ ಬಗ್ಗೆ ಹತ್ತು ಸಾಲು ಬರೆಯಲು ಹೇಳಿದ್ದರು. ಮಗಳು ಗುಜರಾತಿಯಲ್ಲಿ ಚೆಂದಾಗಿ ಬರೆದಿದ್ದಳು. ಅಜ್ಜನಿಗೆ ಅಡಿಕೆ ತೋಟವಿದೆ, ಅಜ್ಜ ತುಂಗಾ ನದಿಯಲ್ಲಿ ಮೀನುಗಳಿಗೆ ಊಟ ಹಾಕುತ್ತಾನೆ. ಸುಳ್ಳೇನಲ್ಲ. ತೀರ್ಥಹಳ್ಳಿಯ ಹತ್ತಿರ ತುಂಗೆಯ ದಡದಲ್ಲಿ ಚಿಬ್ಬಲಗುಡ್ಡೆಯ ಸಿದ್ಧಿವಿನಾಯಕ ದೇವಸ್ಥಾನವಿದೆ. ಅಲ್ಲಿಯ ಹೊಳೆ ಮತ್ಸ್ಯಧಾಮ. ಅವಳು ಊರಿಗೆ ಹೋದಾಗಲೆಲ್ಲ ಅಪ್ಪಯ್ಯ ಅವಳ ಕೈಯಲ್ಲಿ ಮಂಡಕ್ಕಿ ಕೊಟ್ಟು ಮೀನಿಗೆ ಹಾಕಿಸುತ್ತಾರೆ. ಅದೇ ಅಜ್ಜ ಹಿಂದಿನ ದಿನ ಇನ್ನೊಂದು ಗುಂಡಿಯಲ್ಲಿ ಹಿಡಿದ ಮೀನಿನ ಸಾರು ಉಂಡಿರುತ್ತಾರೆ ಎಂಬುದನ್ನು ಅವಳು ಬರೆದಿರಲಿಲ್ಲ. ಯಾಕೆ ಎಂದು ಕೇಳಿದೆ. "ಬರೆದರೆ ಎಲ್ಲಾ ಛೀ ಅಂತಾರೆ," ಎಂದಳು. ಒಂಬತ್ತು ವರ್ಷಕ್ಕೆ ಯಾವ ಅರ್ಧ ಹೇಳಬೇಕು, ಯಾವ ಅರ್ಧ ನುಂಗಬೇಕು ಎಂಬುದನ್ನು ಕಲಿತಿದ್ದಳು. ನನಗದು ಅಷ್ಟು ಹಿತವೆನಿಸಲಿಲ್ಲ.

ಸರಿ, ಕೆರೆ ಹುಡುಕಲು ಹೊರಟೆವು.

ಅಹಮದಾಬಾದಿನಲ್ಲಿ ಕೆರೆಗಳಿಗೆ ಬರವಿಲ್ಲ. ಮೊದಲು ಕಾಂಕರಿಯಾ. 1451ರಲ್ಲಿ ಸುಲ್ತಾನ್ ಕುತ್ಬುದ್ದೀನನ ಕಾಲದಲ್ಲಿ ಮುಗಿದ ಕೆರೆ. ದುಂಡಗೆ ಕಂಡರೂ ನಿಜಕ್ಕೆ 34 ಬದಿಗಳದ್ದು, ಸುತ್ತಲೂ ಕಲ್ಲಿನ ಮೆಟ್ಟಿಲು, ನಡುವೆ ನಗೀನಾವಾಡಿ ಎಂಬ ತೋಟ. 2008ರಲ್ಲಿ ಹೊಸ ರೂಪ ಕೊಟ್ಟ ಮೇಲೆ ಅದು ಟಿಕೆಟ್ ತೆಗೆದು ಒಳಹೋಗುವ ಜಾಗ: ಪುಟಾಣಿ ರೈಲು, ತಿಂಡಿ ಅಂಗಡಿ, ಸಂಜೆಗೆ ದೀಪಗಳ ಜಾತ್ರೆ. ಅಪ್ಪಯ್ಯ ಯಾವುದನ್ನೂ ನೋಡಲಿಲ್ಲ. ಮೆಟ್ಟಿಲ ಮೇಲೆ ಕೂತು ನೀರನ್ನೇ ನೋಡಿದರು. ಒಬ್ಬಾಕೆ ಗೋಧಿ ಹಿಟ್ಟಿನ ಸಣ್ಣ ಸಣ್ಣ ಉಂಡೆ ಮಾಡಿ ಎಸೆಯುತ್ತಿದ್ದರು. ನೀರು ಕುದಿದ ಹಾಗೆ ಮೀನು ಮೇಲೆ ಬರುತ್ತಿತ್ತು. "ಚಿಬ್ಬಲಗುಡ್ಡೆಯೇ ಇದು," ಎಂದರು ಅಪ್ಪಯ್ಯ. ಕಾವಲಿನವನನ್ನು ಕೇಳಿದೆ, ಇಲ್ಲಿ ಎಲ್ಲಾದರೂ ಗಾಳ ಹಾಕಲು ಬಿಡುತ್ತಾರಾ ಎಂದು. ಅವನು ನಕ್ಕ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ವಸ್ತ್ರಾಪುರದ ಕೆರೆಗೂ ಹೋದೆವು. ಅಲ್ಲಿ ಬೆಳಿಗ್ಗೆ ನಡೆಯುವವರ ದಂಡು, ಮೀನಿಗೆ ಬ್ರೆಡ್ಡು.

ಊರ ಹೊರಗಿನ ಥೋಲ್ ಕೆರೆ ಪಕ್ಷಿಧಾಮ. ಅಲ್ಲಿಯ ಮೀನು ಹೆಜ್ಜಾರ್ಲೆಗಳ ಪಾಲು, ನಮ್ಮದಲ್ಲ. ನಳ ಸರೋವರ ಇನ್ನೂ ದೊಡ್ಡದು, ಸುಮಾರು 120 ಚದರ ಕಿಲೋಮೀಟರು, 1969ರಿಂದ ಪಕ್ಷಿಧಾಮ. ಅದರ ದಡದ ಪಢಾರ್ ಜನ ತಲೆಮಾರುಗಳಿಂದ ಆ ನೀರಿನ ಮೀನನ್ನೇ ನಂಬಿ ಬದುಕಿದವರು. ಇಂದು ಪ್ರವಾಸಿಗರನ್ನು ಕೂರಿಸಿಕೊಂಡು ಜಲ್ಲೆಯಿಂದ ದೋಣಿ ನೂಕುತ್ತಾ ಹಕ್ಕಿ ತೋರಿಸುವವರಲ್ಲಿ ಅವರೂ ಇದ್ದಾರೆ. ಹಿಂದೊಮ್ಮೆ ಹೋದಾಗ ನಮ್ಮ ದೋಣಿಯವನು ಯಾವ ಹಕ್ಕಿ ಎಲ್ಲಿಂದ ಬಂದದ್ದೆಂದು ಬಾಯಿಪಾಠ ಒಪ್ಪಿಸಿದ್ದ. ಮೀನಿನ ಮಾತು ತೆಗೆದ ಕೂಡಲೇ ಮುಖ ಅರಳಿತ್ತು. ಅಂಥ ಕಡೆ ಮೋಜಿಗೆ ಗಾಳ ಹಾಕುವ ಯೋಚನೆಯೇ ಸರಿಯಲ್ಲ.

ಮಗಳ ಹಟಕ್ಕೆ ಸೈನ್ಸ್ ಸಿಟಿಗೂ ಹೋದೆವು. ಅಲ್ಲಿ 2021ರಲ್ಲಿ ತೆರೆದ ದೊಡ್ಡ ಮತ್ಸ್ಯಾಲಯವಿದೆ. 28 ಮೀಟರ್ ಉದ್ದದ ಗಾಜಿನ ಸುರಂಗದಲ್ಲಿ ನಿಂತರೆ ತಲೆಯ ಮೇಲೆ ಶಾರ್ಕು ಹೋಗುತ್ತದೆ. ಮಗಳು ಎಲ್ಲದರ ಹೆಸರು ಹೇಳಿದಳು. ಇಷ್ಟೆಲ್ಲ ಹೆಸರು ಬಲ್ಲವಳು ಒಂದೇ ಒಂದು ಮೀನನ್ನು ಕೈಯಲ್ಲಿ ಹಿಡಿದವಳಲ್ಲ. ಅಪ್ಪಯ್ಯ ತುಂಬ ಹೊತ್ತು ನೋಡಿ, "ಚಂದ ಉಂಟು. ಆದ್ರೆ ನೀರಿನ ವಾಸ್ನೆಯೇ ಇಲ್ವಲ್ಲೆ," ಎಂದರು.

ಹಬ್ಬಕ್ಕೆ ನಾದಿನಿಯ ಮನೆಗೆ, ವಡೋದರಾಕ್ಕೆ ಹೋದದ್ದರಿಂದ ಹುಡುಕಾಟ 100 ಕಿಲೋಮೀಟರು ತೆಂಕಕ್ಕೆ ಜಾರಿತು. ವಡೋದರಾದಲ್ಲಿ ಗಾಳದ ಮಾತೆತ್ತಿದರೆ ಜನ ನಗುವುದಿಲ್ಲ, ಗಾಬರಿಯಾಗುತ್ತಾರೆ. ಊರ ನಡುವೆ ಹರಿಯುವ ವಿಶ್ವಾಮಿತ್ರಿ ನದಿ ಮೊಸಳೆಗಳ ಮನೆ. ನೂರಾರು ಮೊಸಳೆಗಳು ಲಕ್ಷಾಂತರ ಜನರ ನಡುವೆ ಹೀಗೆ ಬಾಳುವ ಊರು ಇನ್ನೊಂದಿದೆಯೋ ಇಲ್ಲವೋ. 2024ರ ಆಗಸ್ಟಿನ ಪ್ರವಾಹದಲ್ಲಿ ಅವು ಬೀದಿಗೆ, ಮನೆಯಂಗಳಕ್ಕೆ ಬಂದದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿರುತ್ತೀರಿ. ನಾದಿನಿಯ ಫೋನಿನಲ್ಲಿ ಆ ವಾರದ ವಿಡಿಯೋಗಳು ಈಗಲೂ ಇವೆ, ಬಂದವರಿಗೆಲ್ಲ ಉಪ್ಪಿಟ್ಟಿನ ಜೊತೆ ತೋರಿಸುತ್ತಾಳೆ. ಮಗಳು ಎರಡು ದಿನ ಮೀನನ್ನೇ ಮರೆತಳು. ಸಯಾಜಿಬಾಗಿನ ಬಳಿಯ ಸೇತುವೆಯಿಂದ, ಕೆಸರಿನ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುತ್ತಿದ್ದ ಒಂದು ಮೊಸಳೆಯನ್ನು ಅರ್ಧ ಗಂಟೆ ನೋಡಿದಳು.

ಊರಾಚೆಯ ಆಜ್ವಾ ಜಲಾಶಯಕ್ಕೂ ಕರೆದೊಯ್ದರು. ಮೂರನೆಯ ಸಯಾಜಿರಾವ್ ಗಾಯಕವಾಡರು 1890ರ ದಶಕದಲ್ಲಿ ವಡೋದರಾದ ಕುಡಿಯುವ ನೀರಿಗೆಂದು ಕಟ್ಟಿಸಿದ್ದು. ಇವತ್ತಿಗೂ ಊರು ಆ ನೀರು ಕುಡಿಯುತ್ತದೆ. ಪಕ್ಕದಲ್ಲೊಂದು ಉದ್ಯಾನ, ಮೈಸೂರಿನ ಬೃಂದಾವನದ ಮಾದರಿಯಲ್ಲಿ ಮಾಡಿದ್ದು ಎಂದು ನಾದಿನಿ ಹೆಮ್ಮೆಯಿಂದ ತೋರಿಸಿದಳು. "ಇದ್ನ ನೋಡೂಕೆ ಮೈಸೂರಿಗೇ ಹೋಗ್ಬಹುದಿತ್ತಲ್ಲ," ಎಂದರು ಅಪ್ಪಯ್ಯ. ಆಜ್ವಾದಲ್ಲೂ ಮೊಸಳೆಗಳಿವೆ. ಗಾಳದ ಮಾತು ಅಲ್ಲಿಗೆ ನಿಂತಿತು.

ನಾನು ನೋಡಿದ ಕೆರೆಗಳಲ್ಲಿ ಬಹುಕಾಲ ನೆನಪಿರುವಂಥದ್ದು ಸಿಕ್ಕಿದ್ದು ಆಣಂದ್ ಜಿಲ್ಲೆಯಲ್ಲಿ. ಚರೋತರ್ ಎನ್ನುವ ಆ ಹೊಗೆಸೊಪ್ಪು, ಬಾಳೆ ಬೆಳೆಯುವ ಸೀಮೆಯ ಎಷ್ಟೋ ಹಳ್ಳಿಗಳ ಕೆರೆಗಳಲ್ಲಿ ಮೊಸಳೆಗಳಿವೆ. ಮಲಾತಜ್ ಎಂಬ ಹಳ್ಳಿಗೆ ಹೋದೆವು. ಕೆರೆ, ಖೋಡಿಯಾರ್ ಮಾತೆಯ ಗುಡಿ. ಮೊಸಳೆ ಆ ದೇವಿಯ ವಾಹನ. ದಡದ ಒಂದು ಕಡೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಎಮ್ಮೆ ನೀರಿಗಿಳಿದಿತ್ತು, ಇನ್ನೊಂದು ಕಡೆ ಎರಡು ಮೊಸಳೆ ದಿಂಡು ಉರುಳಿಸಿದ ಹಾಗೆ ಬಿದ್ದಿದ್ದವು. ಯಾರಿಗೂ ಯಾರ ಗೊಡವೆಯೂ ಇಲ್ಲ. ಅಪ್ಪಯ್ಯ ಒಂದು ಕಲ್ಲಿನ ಮೇಲೆ ಕೂತು ಎಲೆಯಡಿಕೆ ಹಾಕಿ, ನೀರಿನ ಮೇಲೆ ಏಳುವ ಗುಳ್ಳೆಗಳನ್ನು ಲೆಕ್ಕ ಹಾಕಿದರು. "ಮೀನು ಬೇಕಾದಷ್ಟು ಉಂಟು. ಮೊಸಳೆ ಇಷ್ಟು ದಪ್ಪ ಆಗ್ಬೇಕಾದ್ರೆ ಮೀನು ಇರ್ಲೇಬೇಕಲ್ಲ."

"ಮತ್ತೆ ಗಾಳ ಹಾಕಾಣ ಅಜ್ಜ?"

"ಇದು ಅದರ ಕೆರೆ ಪುಟ್ಟಿ. ಅದು ಬಿಟ್ಟುಕೊಟ್ಟಿದ್ದು ಬಟ್ಟೆ ತೊಳೆಯೂಕೆ ಮಾತ್ರ."

ಮಗಳು ಇದನ್ನು ಗಂಭೀರವಾಗಿ ತೆಗೆದುಕೊಂಡಳು. ಕಾರಿನಲ್ಲಿ ಪಟ್ಟಿ ಮಾಡಿದಳು: ಕಾಂಕರಿಯಾ ಊಟ ಹಾಕುವವರ ಕೆರೆ, ಥೋಲ್ ಹಕ್ಕಿಯ ಕೆರೆ, ಮಲಾತಜ್ ಮೊಸಳೆಯ ಕೆರೆ. "ನಮ್ಮ ಕೆರೆ ಯಾವುದು?" ಎಂದಳು. ಏಳು ವರ್ಷದಿಂದ ಇಲ್ಲಿರುವ ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಬಂದದ್ದು ಸೂರತ್‌ನಿಂದ. ಅಲ್ಲಿ ನಮ್ಮ ಪರಿಚಯದ ಒಬ್ಬರು, ಕುಂದಾಪುರದವರು, ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದಾರೆ. ಹಬ್ಬಕ್ಕೆ ಶುಭಾಶಯ ಹೇಳಲು ಫೋನ್ ಮಾಡಿದವರು ನಮ್ಮ ಕಥೆ ಕೇಳಿ ಬಿದ್ದು ಬಿದ್ದು ನಕ್ಕರು. "ಹೋಯ್, ನೀವು ಅಹಮದಾಬಾದಲ್ಲಿ ಗಾಳ ಹುಡುಕುದಾ! ಸೂರತ್ತಿಗೆ ಬನ್ನಿ ಮಾರಾಯ್ರೆ." ಅವರ ಜೊತೆ ಕೆಲಸ ಮಾಡುವ ಒಬ್ಬರು ಓಲ್ಪಾಡ್ ತಾಲೂಕಿನ ಹಳ್ಳಿಯವರು, ಕೋಳಿ ಪಟೇಲರು. ಊರ ಕೆರೆಯನ್ನು ಮೀನು ಸಾಕಲು ಪಂಚಾಯಿತಿಯಿಂದ ಗುತ್ತಿಗೆಗೆ ಹಿಡಿದವರು ಅವರ ಮನೆಯವರೇ. ಮಕ್ಕಳು ಅಂಚಿನಲ್ಲಿ ಕೂತು ಗಾಳ ಹಾಕಿದರೆ ಅವರದೇನೂ ಅಭ್ಯಂತರವಿಲ್ಲವಂತೆ.

ಗುಜರಾತ್ ಎಂದರೆ ಒಂದೇ ಬಗೆಯ ಜನ, ಒಂದೇ ಬಗೆಯ ಊಟ ಎಂದುಕೊಂಡವರು ಒಮ್ಮೆ ರೈಲಿನಲ್ಲಿ ಅಹಮದಾಬಾದಿನಿಂದ ಸೂರತ್‌ವರೆಗೆ ಕಿಟಕಿ ಪಕ್ಕ ಕೂರಬೇಕು. ಸುಮಾರು 230 ಕಿಲೋಮೀಟರು. ಭರೂಚ್ ಬಳಿ ನರ್ಮದೆ ದಾಟುವಾಗ ಪಕ್ಕದಲ್ಲಿ 1881ರ ಹಳೆಯ ಗೋಲ್ಡನ್ ಬ್ರಿಜ್ ಕಾಣುತ್ತದೆ, ಅದರಡಿಯ ಅಗಲ ನೀರಿನಲ್ಲಿ ಮೀನುಗಾರರ ದೋಣಿಗಳು. ಅಲ್ಲಿಂದ ಮುಂದೆ ಕಬ್ಬು, ಭತ್ತ, ಅಂಗಳದ ಬಾವಿ. ಅಪ್ಪಯ್ಯ ನೆಟ್ಟಗೆ ಕೂತರು. ಸೂರತ್‌ನ ಊಟವೂ ಬೇರೆ. ಉತ್ತರದಲ್ಲಿ ಪಿಸುಗುಟ್ಟುವ ಮೀನಿನ ಹೆಸರುಗಳನ್ನು ಇಲ್ಲಿ ಪೇಟೆಯಲ್ಲಿ ಕೂಗಿ ಮಾರುತ್ತಾರೆ: ಬೋಯ್, ಬೂಮ್ಲಾ, ಕೆಸರಿನಲ್ಲಿ ನೆಗೆಯುವ ಲೇವಟಾ. ಊರೊಳಗೆ 16ನೇ ಶತಮಾನದ ಆರಂಭದ ಮಲಿಕ್ ಗೋಪಿಯ ಹೆಸರಿನ ಗೋಪಿ ತಳಾವ್ ಇದೆ. ಅದನ್ನೂ ಈಗ ಚೊಕ್ಕ ಮಾಡಿ ಟಿಕೆಟ್ ಇಟ್ಟಿದ್ದಾರೆ. ನಾವು ಹೊರಗಿನಿಂದಲೇ ನೋಡಿ ಓಲ್ಪಾಡ್ ರಸ್ತೆ ಹಿಡಿದೆವು.

ಹಳ್ಳಿಯ ಹೆಸರು ಬೇಡ, ಅವರ ಕೆರೆ ಅವರಿಗಿರಲಿ. ಒಂದೂವರೆ ಎರಡು ಎಕರೆ ಇದ್ದೀತು. ಒಂದು ಬದಿ ಶಿಂಗೋಡಾದ ಬಳ್ಳಿ ನೀರು ಮುಚ್ಚಿತ್ತು. ದೀಪಾವಳಿಯ ಹೊತ್ತಿಗೆ ಬೇಯಿಸಿ ಮಾರುವ ಆ ಕಪ್ಪು ಕೊಂಬಿನ ಕಾಯಿಯನ್ನು ಇಲ್ಲಿ ಎಲ್ಲರೂ ತಿಂದಿರುತ್ತೀರಿ, ಬಳ್ಳಿಯನ್ನು ನೋಡಿರಲಿಕ್ಕಿಲ್ಲ. ಇನ್ನೊಂದು ಬದಿ ಹಳೆಯ ಆಲದ ಮರ, ನೆರಳು, ಹುಲ್ಲು. ಮನೆಯ ಹಿರಿಯರು, ಕಾಕಾ, ನಮಗಿಂತ ಮೊದಲೇ ಬಂದು ಕೂತಿದ್ದರು. ಅಪ್ಪಯ್ಯನಿಗೆ ಕನ್ನಡ ಬಿಟ್ಟರೆ ಬಾರದು, ಕಾಕಾಗೆ ಅವರ ಕಡೆಯ ಗುಜರಾತಿ ಬಿಟ್ಟರೆ ಬಾರದು. ಅಪ್ಪಯ್ಯ ಡಬ್ಬಿ ತೆರೆದು ಒಂದು ಗಾಳ ಎತ್ತಿ ತೋರಿಸಿ "ಗಾಳ" ಎಂದರು. ಕಾಕಾ ಅದನ್ನು ಉಗುರಿನಿಂದ ತಟ್ಟಿ ನೋಡಿ "ಗಲ" ಎಂದರು. ಆಮೇಲೆ ಅವರಿಬ್ಬರಿಗೂ ನನ್ನ ಅನುವಾದ ಬೇಕಾಗಲಿಲ್ಲ.

ಕೋಲಿಗೆ ಕಾಕಾ ಬಿದಿರು ಕಡಿದಿಟ್ಟಿದ್ದರು, ಮಗಳ ಎತ್ತರಕ್ಕಿಂತ ತುಸು ಉದ್ದದ್ದು. ದಾರ ಕೋಲಿನಷ್ಟೇ ಉದ್ದ. ಜಾಸ್ತಿಯಾದರೆ ಮಕ್ಕಳು ಮರಕ್ಕೇ ಸಿಕ್ಕಿಸುತ್ತಾರೆ. ಮಗಳು ಅಹಮದಾಬಾದಿನಲ್ಲಿ ಹೆಕ್ಕಿ ಪುಸ್ತಕದಲ್ಲಿಟ್ಟಿದ್ದ ಉದುರಿದ ನವಿಲುಗರಿಯ ದಂಟನ್ನು ಅಪ್ಪಯ್ಯ ಗೇಣುದ್ದ ಕತ್ತರಿಸಿ ಬೆಂಡು ಮಾಡಿದರು. ಹಗುರ, ನೆಟ್ಟಗೆ ನಿಲ್ಲುತ್ತದೆ, ಮೀನು ಮೂಸಿದರೂ ತಲೆಯಾಡಿಸುತ್ತದೆ. ಬೆಂಡಿನಿಂದ ಕೆಳಗೆ ಒಂದು ಸೀಸದ ಗುಂಡು ಹಲ್ಲಿನಲ್ಲಿ ಕಚ್ಚಿ ಕೂರಿಸಿದರು; ಸೀಸ ಬಾಯಿಗೆ ಹಾಕಬೇಡಿ ಎಂದು ನಾನು ಕೂಗುವುದರೊಳಗೆ ಕೆಲಸ ಮುಗಿದಿತ್ತು. ಕಡೆಗೆ ಗಾಳ. ಗಾಳದ ತುದಿಯ ಒಳಬದಿಯಲ್ಲಿ ಕಚ್ಚಿದ ಮೀನು ಜಾರದಂತೆ ತಡೆಯುವ ಒಂದು ಎದುರುಮುಳ್ಳು ಇರುತ್ತದಲ್ಲ, ಅದನ್ನು ಇಕ್ಕುಳದಲ್ಲಿ ಅದುಮಿ ಚಪ್ಪಟೆ ಮಾಡಿದರು.

"ಮೀನು ತಪ್ಪಿಸ್ಕೊಳ್ಳಲ್ವಾ ಅಪ್ಪಯ್ಯ?"

"ನಾಲ್ಕು ಮೀನು ಹೋದ್ರೆ ಹೋಗ್ಲಿ. ಮಗೂ ಬೆರಳಿಗೆ ಚುಚ್ಚಿದ್ರೆ ಸುಲಭಕ್ಕೆ ಬರ್ಬೇಕು."

ಎರೆಹುಳ ಹೆಕ್ಕಿದ್ದು ನಾನೇ, ಹಳೆಯ ಕೆಲಸ ಕೈಗೆ ಮರೆತಿರಲಿಲ್ಲ. ಮಗಳು ಮೊದಲು ಮುಖ ಸಿಂಡರಿಸಿ, ಆಮೇಲೆ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಅದು ಹೇಗೆ ನಡೆಯುತ್ತದೆಂದು ನೋಡಿದಳು. ಚುಚ್ಚುವುದು ಮಾತ್ರ ಸಾಧ್ಯವಾಗಲಿಲ್ಲ. ಅಪ್ಪಯ್ಯ ಒತ್ತಾಯಿಸಲಿಲ್ಲ. ಅವರಿಗೂ ಕಷ್ಟವೇ, ಕೈ ಈಗ ನಡುಗುತ್ತದೆ, ಮೂರು ಸಲ ತಪ್ಪಿತು. ನಾನು ಕೈ ಚಾಚಿದೆ, ಅವರು ಗಾಳ ನನ್ನ ಕೈಗಿಟ್ಟರು. ಅದಕ್ಕೆ ಮೊದಲು ಹಾಗೆ ಇಟ್ಟದ್ದಿಲ್ಲ.

ಗಾಳ ಹಾಕಿ ಕೂರುವುದೆಂದರೆ ಮುಕ್ಕಾಲು ಪಾಲು ಏನೂ ಮಾಡದೆ ಕೂರುವುದು. ಈಗಿನ ಮಕ್ಕಳಿಗೆ ಆಗುವುದಿಲ್ಲ ಎನ್ನುತ್ತಾರೆ. ನನಗೇ ಆಗಲಿಲ್ಲ, ಎರಡು ಸಲ ಫೋನ್ ನೋಡಿದೆ. ಮಗಳು ನವಿಲುಗರಿಯ ದಂಟಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಗಾಳಿಗೆ ಅಲುಗುವುದು ಬೇರೆ, ಮೀನು ಮೂಸುವುದು ಬೇರೆ, ಕಚ್ಚಿ ಎಳೆಯುವುದು ಬೇರೆ ಎಂಬುದನ್ನು ಅಪ್ಪಯ್ಯ ತಮ್ಮ ಬೆರಳನ್ನೇ ಬೆಂಡಿನಂತೆ ಕುಣಿಸಿ ತೋರಿಸಿದರು. ಎರೆಹುಳ ತೀರಿದಾಗ ಕಾಕಾ ಜೇಬಿನಿಂದ ಗಾಂಠಿಯಾ ಪೊಟ್ಟಣ ತೆಗೆದು, ಒಂದು ಮುಷ್ಟಿ ಪುಡಿಮಾಡಿ, ನೀರು ಚಿಮುಕಿಸಿ, ಉಂಡೆ ಕಟ್ಟಿದರು. ಕಡಲೆಹಿಟ್ಟು, ಓಮದ ವಾಸನೆ. ಎರೆಹುಳಕ್ಕಿಂತ ಅದಕ್ಕೇ ಬೇಗ ಕಚ್ಚಿತು. ಗುಜರಾತಿನ ಮೀನಲ್ಲವೇ.

ಮೊದಲು ಸಿಕ್ಕಿದ್ದು ಅಪ್ಪಯ್ಯನಿಗೆ. ನಮ್ಮ ಕಡೆ ಜಿಲೇಬಿ ಎನ್ನುವ ಮೀನು, ತಿಲಾಪಿಯಾ. ಜಿಲೇಬಿ ಎಂದ ಕೂಡಲೇ ಮಗಳು ನಕ್ಕಳು. ಅವಳಿಗೆ ಗೊತ್ತಿರುವ ಜಿಲೇಬಿ ಫಾಫಡಾದ ಜೊತೆ ತಿನ್ನುವಂಥದ್ದು. ಆಫ್ರಿಕಾದ ಈ ಮೀನು ಭಾರತಕ್ಕೆ ಬಂದದ್ದು 1952ರಲ್ಲಿ. ಎಲ್ಲಿ ಬಿಟ್ಟರೂ ಬದುಕುತ್ತದೆ, ಬೇಗ ಸಂಸಾರ ಬೆಳೆಸುತ್ತದೆ, ಸ್ಥಳೀಯ ಮೀನಿಗೆ ಜಾಗ ಬಿಡುವುದಿಲ್ಲ ಎಂಬ ದೂರೂ ಇದೆ. ವಲಸಿಗರ ಪತ್ರಿಕೆಯಲ್ಲಿ ಈ ಹೋಲಿಕೆಯನ್ನು ಹೆಚ್ಚು ಎಳೆಯದಿರುವುದು ಕ್ಷೇಮ. ಸಾಕಿದ ರೋಹು, ಕಾಟ್ಲಾಗಳ ಪಾಲಿನ ಮೇವನ್ನೂ ಇದು ತಿನ್ನುವುದರಿಂದ, ಎಷ್ಟು ಬೇಕಾದರೂ ಹಿಡಿಯಿರಿ ಎಂದರು ಕಾಕಾ.

ಅಪ್ಪಯ್ಯ ಮೀನನ್ನು ತಲೆಯ ಕಡೆಯಿಂದ ಸವರಿ ಬೆನ್ನಿನ ಮುಳ್ಳು ಮಲಗಿಸಿ ಹಿಡಿದರು. ಹಾಗೆ ಹಿಡಿಯದಿದ್ದರೆ ಅಂಗೈಗೆ ಇಳಿಯುತ್ತದೆ. ಗಾಳ ಬಿಡಿಸಿ, ಬಿದಿರಿನ ತುಂಡಿನಿಂದ ತಲೆಯ ಮೇಲೆ ಒಂದೇ ಏಟು. ಮಗಳು ಹಿಂದೆ ಸರಿದಳು. "ಒದ್ದಾಡಿಸ್ಬಾರ್ದು ಪುಟ್ಟಿ. ದಡದ ಮೇಲೆ ಹಾಕಿ ನೋಡ್ತಾ ಕೂರೂದು ಪಾಪ," ಎಂದರು. ಮಗಳು ಉತ್ತರಿಸಲಿಲ್ಲ. ಆದರೆ ತನ್ನ ಕೋಲನ್ನು ಕೆಳಗಿಡಲೂ ಇಲ್ಲ.

ಅವಳಿಗೆ ಸಿಕ್ಕ ಮೊದಲನೆಯದು ಬೆರಳುದ್ದದ್ದು. ಅಂಗೈಗಿಂತ ಸಣ್ಣದು ನೀರಿನದ್ದು ಎಂಬುದು ಅಜ್ಜನ ಲೆಕ್ಕ. ಕೈ ಒದ್ದೆ ಮಾಡಿಕೊಂಡು, ನೀರೊಳಗೇ ಹಿಡಿದು, ಅದಾಗಿಯೇ ಹೋಗುವವರೆಗೆ ಕಾದು ಬಿಟ್ಟಳು. ಎರಡನೆಯದಕ್ಕೆ ಬೆಂಡು ಒಮ್ಮೆಗೇ ಮುಳುಗಿತು, ಕೋಲು ಬಾಗಿತು, ಅವಳು ಕನ್ನಡ, ಹಿಂದಿ, ಗುಜರಾತಿ ಮೂರರಲ್ಲೂ ಕೂಗಿದಳು. ಅಂಗೈಗಿಂತ ಚೆನ್ನಾಗಿ ದೊಡ್ಡದು. ಬಕೆಟ್ಟಿನ ನೀರಿಗೆ ಬಿಟ್ಟು ಅಪ್ಪಯ್ಯ ಅವಳ ಎದುರು ಕುಕ್ಕರಗಾಲಲ್ಲಿ ಕೂತರು.

"ತಿಂತೀಯೇನೆ? ತಿನ್ನೂದಾದ್ರೆ ಇಟ್ಕ. ಇಲ್ಲಾಂದ್ರೆ ಈಗ್ಲೇ ಬಿಡು. ಚಂದ ನೋಡೂಕೆ ಅಂತ ಹಿಡೀಬಾರ್ದು."

ನಾನು ಬಾಯಿ ಹಾಕಲು ಹೊರಟೆ. ಅಪ್ಪಯ್ಯ ಕೈಸನ್ನೆಯಲ್ಲೇ ತಡೆದರು. ಮಗಳು ಬಕೆಟ್ಟಿನ ಸುತ್ತ ಎರಡು ಸುತ್ತು ಬಂದಳು. ಮೀನು ಅಂಚಿನಲ್ಲಿ ಬಾಯಿ ಆಡಿಸುತ್ತಿತ್ತು. "ಕಾಂಕರಿಯಾದ ಮೀನಿಗೆ ಗೊತ್ತಾ, ತನ್ನನ್ನ ಯಾರೂ ಹಿಡಿಯಲ್ಲ ಅಂತ?" ಎಂದು ಕೇಳಿದಳು.

"ಗೊತ್ತು. ಅದಕ್ಕೇ ಅಲ್ಲಿ ಕೈ ಹತ್ರ ಬರ್ತದೆ."

"ಇದಕ್ಕೆ?"

"ಇದಕ್ಕೂ ಗೊತ್ತು. ಅದಕ್ಕೇ ಇಷ್ಟೊತ್ತು ಕಾಯಿಸ್ತು."

ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ತಿಂತೀನಿ. ಆದ್ರೆ ಏಟು ನೀನೇ ಹಾಕು," ಎಂದು ಮರದ ಕಡೆ ಮುಖ ತಿರುಗಿಸಿ ನಿಂತಳು. ಏಟಿನ ಸದ್ದಾದ ಮೇಲೆ ತಿರುಗಿ ಮೀನನ್ನು ತಾನೇ ಎತ್ತಿಕೊಂಡಳು, ಬೆನ್ನಿನ ಮುಳ್ಳು ಮಲಗಿಸಿ.

ಮೂರನೆಯದು ನನ್ನದು. "ತಗಳೆ, ನೀನೂ ಒಂದ್ಸಲ ಹಾಕು," ಎಂದು ಅಪ್ಪಯ್ಯ ತಮ್ಮ ಕೋಲು ಕೊಟ್ಟಾಗ ಬಿಸಿಲು ಇಳಿಯುತ್ತಿತ್ತು. ನಲವತ್ತೊಂದನೆಯ ವರ್ಷಕ್ಕೆ ನನ್ನ ಮೊದಲ ಮೀನು. ದಾರದ ಮೂಲಕ ಕೈಗೆ ಬರುವ ಆ ಜೀವದ ಎಳೆತವನ್ನು ಹೇಗೆ ಹೇಳಲಿ. ಅಣ್ಣಂದಿರು ಮಳೆಯಲ್ಲಿ ನೆಂದು ಬಂದೂ ಯಾಕೆ ಹಾಗೆ ನಗುತ್ತಿದ್ದರು ಎಂದು ಅಂದು ಗೊತ್ತಾಯಿತು. ಅಪ್ಪಯ್ಯ, "ನಿಂಗೆ ಆವಾಗ್ಲೇ ಕಲಿಸ್ಬಹುದಿತ್ತು," ಎಂದರು, ನೀರು ನೋಡುತ್ತಾ. ಅಷ್ಟೇ.

ಸಂಜೆ ಸೂರತ್‌ನ ಮನೆಯಲ್ಲಿ ಕುಂದಾಪುರದ ಅತ್ತಿಗೆ ಮೂರು ಜಿಲೇಬಿ ಮೀನನ್ನು ನೋಡಿ, "ಕೆರೆ ಮೀನಾ? ಅದೂ ಒಂದ್ ಮೀನಾ ಮಾರಾಯ್ರೆ!" ಎಂದರು. ಕಡಲ ಕರೆಯವರಿಗೆ ಸಿಹಿನೀರಿನ ಮೀನೆಂದರೆ ಒಂದು ತಾತ್ಸಾರ, ಅದು ಸೂರತ್ತಿಗೆ ಬಂದರೂ ಹೋಗುವುದಿಲ್ಲ. ಹಾಗೆಂದು ಬಿಡಲಿಲ್ಲ, ಕೆಸರು ವಾಸನೆ ಹೋಗಲೆಂದು ಉಪ್ಪು, ಅರಿಶಿನ, ಹುಣಸೆಹುಳಿ ಹಚ್ಚಿ ತಿಕ್ಕಿ ತೊಳೆದರು. ಎರಡು ಸಾರಿಗೆ, ಅಪ್ಪಯ್ಯನ ವಾಟೆಹುಳಿ ಹಾಕಿ. ಮಗಳದ್ದು ಅವಳಿಗೆಂದೇ ಹುರಿದರು. ಅವಳು ಬೆನ್ನಿನ ಕಡೆಯ ತುಂಡನ್ನು ಮುಳ್ಳು ಆರಿಸಿ ನಿಧಾನ ತಿಂದಳು, ತಲೆಯನ್ನು ಅಜ್ಜನ ಎಲೆಗೆ ಹಾಕಿದಳು. ರುಚಿ ಹೇಗಿದೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಪ್ಪಯ್ಯ ಮೂರು ಸಲ ಅನ್ನ ಹಾಕಿಸಿಕೊಂಡರು. ಅಹಮದಾಬಾದಿಗೆ ಬಂದ ಮೇಲೆ ಅವರು ಹಾಗೆ ಉಂಡದ್ದನ್ನು ನಾನು ನೋಡಿರಲಿಲ್ಲ.

ಮರುದಿನ ರಾತ್ರಿ ಮನೆಗೆ ಮರಳಿದಾಗ ಲಿಫ್ಟಿನ ಮುಂದೆ ಎದುರು ಮನೆಯ ಬಾ ನಿಂತಿದ್ದರು. ಸಾಲ್ ಮುಬಾರಕ್ ಹೇಳಿದೆವು, ಮಗಳು ಕಾಲು ಮುಟ್ಟಿದಳು. ಅವಳ ಕೈಯಲ್ಲಿ ಆ ಬಿದಿರು ಕೋಲು, ದಾರ ಸುತ್ತಿದ್ದು. ಬಿಟ್ಟು ಬರಲು ಒಪ್ಪಿರಲಿಲ್ಲ. ಎಲ್ಲಿಗೆ ಹೋಗಿದ್ದಿ ಎಂದು ಬಾ ಕೇಳಿದರು. ನಾನು ಸೂರತ್, ನೆಂಟರ ಮನೆಗೆ ಎನ್ನುವಷ್ಟರಲ್ಲಿ ಮಗಳು ಹೇಳಿಬಿಟ್ಟಳು, "ಸುರತ್. ಅಜ್ಜನಿ ಸಾಥೇ ಮಾಛಲೀ ಪಕಡವಾ."

ಬಾ ಕೋಲನ್ನು ನೋಡಿದರು, ಅಪ್ಪಯ್ಯನನ್ನು ನೋಡಿದರು. ಅಪ್ಪಯ್ಯನಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು, ಕೈ ಮುಗಿದು ನಿಂತರು. ಲಿಫ್ಟು ಮೇಲಿನಿಂದ ಇಳಿಯುತ್ತಿತ್ತು, ನಾಲ್ಕು, ಮೂರು, ಎರಡು.

"ಕೇಟಲೀ?" ಎಂದರು ಬಾ. ಎಷ್ಟು?

"ಚಾರ್," ಎಂದಳು ಮಗಳು. "ಏಕ್ ಪಾಛೀ ಮೂಕೀ ದೀಧೀ." ಒಂದನ್ನು ವಾಪಸ್ಸು ಬಿಟ್ಟೆ.

ಬಾಗಿಲು ತೆರೆಯಿತು. ಬಾ ಮೊದಲು ಒಳಗೆ ಹೋಗಿ, ಕೋಲು ಸಿಕ್ಕಿಕೊಳ್ಳದಂತೆ ಅದರ ತುದಿ ಹಿಡಿದುಕೊಂಡರು.